ಥರ್ಮಲ್ ಪ್ರಿಂಟಿನ ಬಣ್ಣ ಬೆಳಕಿಗೆ ಯಾಕೆ ಮಾಸುತ್ತದೆ, ಅದನ್ನು ತಡೆಯಲು ಏನೆಲ್ಲ ಮಾಡಿದರು

ಬೆಳಕು ಬೀಳುವ ಗೋಡೆಗೆ ಹಾಕಿದ್ದ ಹಳೆಯ ಫೋಟೋ ಒಂದನ್ನು ಫ್ರೇಮಿನಿಂದ ಬಿಚ್ಚಿ ನೋಡಿ. ಫ್ರೇಮಿನ ಅಂಚು ಮುಚ್ಚಿದ್ದ ಜಾಗದಲ್ಲಿ ಬಣ್ಣ ಹಾಗೇ ಇರುತ್ತದೆ. ನಡುವಿನ ಭಾಗ ಮಾತ್ರ ಬಿಳಿಚಿಕೊಂಡಿರುತ್ತದೆ. ಅದೇ ಹಾಳೆ, ಅದೇ ದಿನ ಆದ ಪ್ರಿಂಟು. ಒಂದು ಭಾಗ ಬೆಳಕು ಕಂಡಿದೆ, ಇನ್ನೊಂದು ಕಂಡಿಲ್ಲ, ಅಷ್ಟೆ. ಶಾಖದಿಂದ ಡೈ ಎಂಬ ಬಣ್ಣವನ್ನು ಕಾಗದಕ್ಕೆ ದಾಟಿಸುವ ಥರ್ಮಲ್ ಪ್ರಿಂಟರುಗಳಿಗೆ ಈ ತೊಂದರೆ ಹುಟ್ಟಿನಿಂದಲೇ ಅಂಟಿಕೊಂಡು ಬಂದಿದೆ.

ಬೆಳಕಿಗೆ ಬಣ್ಣ ಮಾಸುವ ಚಿಂತೆ ಈ ಪ್ರಿಂಟರುಗಳಿಗಿಂತ ತುಂಬಾ ಹಳೆಯದು. 1856ರಲ್ಲಿ ವಿಲಿಯಂ ಪರ್ಕಿನ್ ನೇರಳೆ ಬಣ್ಣದ ಮೊದಲ ಕೃತಕ ಡೈ ತಯಾರಿಸಿದ. ಅದರ ಹಿಂದೆಯೇ ಬಂದ ಹಲವು ಹೊಸ ಡೈಗಳು ನೋಡಲು ಚೆಂದ ಇದ್ದವು, ಬಿಸಿಲಿಗೆ ಮಾತ್ರ ನಿಲ್ಲಲಿಲ್ಲ. 1888ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳಾದ ರಸೆಲ್ ಮತ್ತು ಆಬ್ನಿ ಜಲವರ್ಣಗಳ ಮೇಲೆ ಮಾಡಿದ ಪ್ರಯೋಗಗಳ ವರದಿ ಕೊಟ್ಟರು. ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ಇಟ್ಟ ಹೆಚ್ಚಿನ ಬಣ್ಣಗಳು ಬೆಳಕಿಗೆ ಒಡ್ಡಿದರೂ ಮಾಸಲಿಲ್ಲ. ಅಂದರೆ ತಪ್ಪು ಬೆಳಕಿನದು ಮಾತ್ರ ಅಲ್ಲ. ಗಾಳಿಯಲ್ಲಿರುವ ಆಮ್ಲಜನಕ ಮತ್ತು ತೇವವೂ ಅದರ ಜೊತೆ ಸೇರಿಕೊಳ್ಳುತ್ತವೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಥರ್ಮಲ್ ಪ್ರಿಂಟಿನ ಬಣ್ಣಗಳು ಬಂದದ್ದು ಬಟ್ಟೆಯ ಕಡೆಯಿಂದ. 1920ರ ದಶಕದಲ್ಲಿ ಅಸಿಟೇಟ್ ಎಂಬ ಹೊಸ ನೂಲಿಗೆ ಬಣ್ಣ ಹಾಕಲು ಡಿಸ್ಪರ್ಸ್ ಡೈಗಳು ಹುಟ್ಟಿದವು. ನೀರಲ್ಲಿ ಸರಿಯಾಗಿ ಕರಗದ, ಚಿಕ್ಕ ಅಣುಗಳು ಇವು. ಚೆನ್ನಾಗಿ ಕಾಯಿಸಿದರೆ ಆವಿಯಾಗುತ್ತವೆ. 1957ರಲ್ಲಿ ಫ್ರಾನ್ಸಿನ ನೊಯೆಲ್ ದೆ ಪ್ಲಾಸ್ ಇದೇ ಗುಣವನ್ನು ಬಳಸಿಕೊಂಡು, ಕಾಗದದ ಮೇಲಿನ ಚಿತ್ರವನ್ನು ಶಾಖದಿಂದ ಪಾಲಿಯೆಸ್ಟರ್ ಬಟ್ಟೆಗೆ ಇಳಿಸುವ ದಾರಿ ತೋರಿಸಿದ. ಫಿಲ್ಮ್ ಇಲ್ಲದ ಮ್ಯಾವಿಕಾ ಕ್ಯಾಮೆರಾವನ್ನು 1981ರಲ್ಲಿ ತೋರಿಸಿದ್ದ ಸೋನಿ, ಮರುವರ್ಷ ಅದರ ಚಿತ್ರಗಳಿಗಾಗಿ ಶಾಖದಿಂದ ಡೈ ದಾಟಿಸುವ ಮ್ಯಾವಿಗ್ರಾಫ್ ಪ್ರಿಂಟರನ್ನು ಮುಂದಿಟ್ಟಿತು. ಬಟ್ಟೆಯ ತಂತ್ರ ಹಾಗೆ ಫೋಟೋಗೆ ಬಂತು.

ಇಂಥ ಪ್ರಿಂಟರು ಕೆಲಸ ಮಾಡುವ ರೀತಿ ಸರಳ. ತೆಳ್ಳನೆಯ ರಿಬ್ಬನ್ ಮೇಲೆ ಹಳದಿ, ಮೆಜೆಂಟಾ (ನೇರಳೆಗೆಂಪು), ಸಯಾನ್ (ಹಸಿರುನೀಲಿ) ಡೈಗಳ ಪಟ್ಟಿಗಳು ಒಂದರ ಹಿಂದೆ ಒಂದು ಇರುತ್ತವೆ. ರಿಬ್ಬನ್ ಹಿಂದೆ ಸಾಲಾಗಿ ಪುಟ್ಟ ಹೀಟರುಗಳ ಹೆಡ್ ಇದೆ. ಒಂದೊಂದು ಚುಕ್ಕೆ ಕೆಲವೇ ಮಿಲಿಸೆಕೆಂಡು ಬಿಸಿಯಾಗುತ್ತದೆ. ಅಷ್ಟರೊಳಗೆ ಡೈ ಅಣುಗಳು ಎದುರಿನ ಕಾಗದದ ಪ್ಲಾಸ್ಟಿಕ್ ಪದರದೊಳಗೆ ನುಸುಳಬೇಕು. ಎಷ್ಟು ಬಿಸಿಯೋ ಅಷ್ಟು ಬಣ್ಣ. ಅದಕ್ಕೇ ಈ ಫೋಟೋಗಳಲ್ಲಿ ನೆರಳು ಬೆಳಕು ಅಷ್ಟು ನಯವಾಗಿ ಬರುತ್ತದೆ.

ತೊಡಕು ಇರುವುದೂ ಇಲ್ಲೇ. ಅಷ್ಟು ಬೇಗ ನುಸುಳಬೇಕಾದರೆ ಅಣು ಚಿಕ್ಕದಾಗಿರಬೇಕು. ಪದರದೊಳಗೆ ಒಂದೊಂದೇ ಬಿಡಿಬಿಡಿಯಾಗಿ ಹರಡಬೇಕು. ಕರಗದೆ ಪುಡಿಯಾಗಿಯೇ ಉಳಿಯುವ ಬಣ್ಣ, ಅಂದರೆ ಪಿಗ್ಮೆಂಟ್, ಹಾಗಲ್ಲ. ಅದರ ಹರಳಿನಲ್ಲಿ ಸಾವಿರಾರು ಅಣುಗಳು ಒತ್ತಾಗಿ ಕೂತಿರುತ್ತವೆ. ಹೊರಗಿನವು ಹಾಳಾದರೂ ಒಳಗಿನವು ಉಳಿಯುತ್ತವೆ. ಬಾರ್‌ಕೋಡ್ ಲೇಬಲ್ಲಿಗೆ ಬಳಸುವ ಮೇಣದ ರಿಬ್ಬನ್ನಿನ ಕಪ್ಪು ಬೆಳಕಿಗೆ ಅಲುಗದೆ ಇರುವುದು ಇಂಗಾಲದ ಪಿಗ್ಮೆಂಟಿನಿಂದಲೇ. ಡೈ ಪ್ರಿಂಟಿನಲ್ಲಿ ಪ್ರತಿ ಅಣುವೂ ಒಂಟಿ. ಬೆಳಕೂ ಆಮ್ಲಜನಕವೂ ಅದನ್ನು ನೇರವಾಗಿ ಮುಟ್ಟುತ್ತವೆ. ನುಣುಪಾದ ಚಿತ್ರ ಕೊಡುವ ಗುಣವೇ ಮಾಸುವುದಕ್ಕೂ ಕಾರಣ. ಬಾಳಿಕೆ ಹೆಚ್ಚಿಸಲು ಇಷ್ಟು ವರ್ಷ ನಡೆದ ಕೆಲಸವೆಲ್ಲ ಈ ಗಂಟನ್ನು ಬಿಡಿಸುವ ಪ್ರಯತ್ನವೇ ಎಂದು ನಾನು ನೋಡುತ್ತೇನೆ.

ಮೊದಲು ಕೈಹಾಕಿದ್ದು ಡೈಗೇ. ಬಟ್ಟೆಯ ಡೈಗಳಲ್ಲಿ ಆಂತ್ರಕ್ವಿನೋನ್ ಗುಂಪಿನವು ಬೆಳಕಿಗೆ ಚೆನ್ನಾಗಿ ನಿಲ್ಲುತ್ತಿದ್ದವು, ಆದರೆ ಅವುಗಳ ಬಣ್ಣ ಅಷ್ಟು ಗಾಢವಲ್ಲ. ಗಾಢ ಬಣ್ಣ ಕೊಡುವ ಅಜೋ ಡೈಗಳು, ಇಂಡೋಅನಿಲಿನ್ ಎಂಬ ಬಗೆಯ ಸಯಾನ್ ಡೈಗಳು ಬಂದವು. ಅಣುವಿನ ಅಂಚಿನಲ್ಲಿ ಪರಮಾಣುಗಳ ಒಂದು ಗುಂಪು ಸೇರಿಸಿ, ಇನ್ನೊಂದು ತೆಗೆದು, ಬೆಳಕು ತಾಗಿದಾಗ ಒಡೆಯದಂತೆ ಮಾಡಿದರು. ಆದರೆ ಹೆಚ್ಚು ಗುಂಪು ಸೇರಿಸಿದಷ್ಟೂ ಅಣು ದೊಡ್ಡದಾಗುತ್ತದೆ, ದಾಟುವುದು ನಿಧಾನವಾಗುತ್ತದೆ. ಇಷ್ಟರ ಮೇಲೆ ಈ ದಾರಿಯಲ್ಲಿ ಜಾಸ್ತಿ ದೂರ ಹೋಗಲು ಆಗುವುದಿಲ್ಲ, ಅಲ್ವಾ?

ಇನ್ನೊಂದು ಪೀಡೆ ಮೂರು ಬಣ್ಣ ಒಂದೇ ಕಡೆ ಸೇರಿದಾಗ ಕಾಣಿಸಿಕೊಂಡಿತು. ಬಿಡಿಯಾಗಿ ಪರೀಕ್ಷಿಸಿದಾಗ ಗಟ್ಟಿ ಎನಿಸಿದ ಡೈ, ಬೇರೊಂದು ಡೈಯ ಪಕ್ಕ ಕೂತಾಗ ಬೇಗ ಮಾಸುತ್ತಿತ್ತು. ಒಂದು ಡೈ ತಾನು ಹೀರಿದ ಬೆಳಕಿನ ಶಕ್ತಿಯನ್ನು ಆಮ್ಲಜನಕಕ್ಕೆ ಕೊಡುತ್ತದೆ. ಆ ಕೆರಳಿದ ಆಮ್ಲಜನಕ ಪಕ್ಕದ ಅಣುವನ್ನು ಕೆಡಿಸುತ್ತದೆ. ರಸೆಲ್ ಮತ್ತು ಆಬ್ನಿ ಕಂಡದ್ದರ ಇನ್ನೊಂದು ಮುಖ ಇದು. ಮುಖದ ಬಣ್ಣ, ಎಲೆಯ ಹಸಿರು, ಬೂದು ಗೋಡೆ, ಇವೆಲ್ಲ ಬೆರಕೆ ಬಣ್ಣಗಳೇ. ಮೂರೂ ಸಮವಾಗಿ ಮಾಸಿದರೆ ಕಣ್ಣು ಹೇಗೋ ಹೊಂದಿಕೊಳ್ಳುತ್ತದೆ. ಒಂದೇ ಮುಂದಾಗಿ ಹೋದರೆ ಮುಖ ಕೆಂಪಗೋ ಹಸಿರಾಗೋ ತಿರುಗುತ್ತದೆ. ಹಾಗಾಗಿ ಡೈಗಳನ್ನು ಒಂಟಿಯಾಗಿ ಅಲ್ಲ, ಮೂರರ ಜೊತೆಯಾಗಿ ಆರಿಸುವ ಅಭ್ಯಾಸ ಶುರುವಾಯಿತು.

ಆಮೇಲೆ ಕಾಗದದ ಸರದಿ. ಬಣ್ಣ ಹಿಡಿಯುವ ಪದರಕ್ಕೆ ನೇರಳಾತೀತ ಕಿರಣ ಹೀರುವ ಬೆಂಜೋಟ್ರಯಜೋಲ್‌ನಂಥವನ್ನೂ, ಕೆರಳಿದ ಆಮ್ಲಜನಕವನ್ನು ತಣಿಸುವ ವಸ್ತುಗಳನ್ನೂ ಬೆರೆಸಿದರು. ಪದರದ ಮೇಲ್ಭಾಗದಲ್ಲೇ ನಿಂತ ಡೈ ಬೇಗ ಮಾಸುತ್ತದೆ, ಆಳಕ್ಕೆ ಇಳಿದದ್ದು ಹೆಚ್ಚು ಬಾಳುತ್ತದೆ ಎಂಬುದೂ ತಿಳಿಯಿತು. ರಿಬ್ಬನ್ನಿಗೆ ನಾಲ್ಕನೆಯ ಪಟ್ಟಿ ಸೇರಿತು. ಬಣ್ಣಗಳೆಲ್ಲ ಆದ ಮೇಲೆ ಫೋಟೋದ ಮೇಲೆ ಪಾರದರ್ಶಕ ಹೊದಿಕೆ ಕೂರಿಸುವ ಪಟ್ಟಿ ಅದು. ಬೆರಳಚ್ಚು, ನೀರು, ಗಾಳಿ, ನೇರಳಾತೀತ ಕಿರಣ ಎಲ್ಲಕ್ಕೂ ಅದು ತಡೆ. ಬಳಸುವವರಿಗೆ ಇಷ್ಟು ಲಾಭ ಕೊಟ್ಟ ಬದಲಾವಣೆ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ. ಆದರೂ ಹೊದಿಕೆ ಕಣ್ಣಿಗೆ ಕಾಣುವ ಬೆಳಕನ್ನು ತಡೆಯಲಾರದು. ತಡೆದರೆ ಚಿತ್ರವೇ ಕಾಣುವುದಿಲ್ಲ. ಆ ಬೆಳಕೂ ಡೈಯನ್ನು ಮಾಸಿಸುತ್ತದೆ.

ನನಗೆ ತುಂಬಾ ಇಷ್ಟವಾದ ಉಪಾಯ ಜಪಾನಿನ ಕೊನಿಕಾ ಎಂಬ ಫೋಟೋ ಸಂಸ್ಥೆಯದು. ದಾಟುವಾಗ ಚಿಕ್ಕದು, ದಾಟಿದ ಮೇಲೆ ದೊಡ್ಡದು ಆಗುವಂತೆ ಮಾಡಿದರೆ ಹೇಗೆ? ಕಾಗದದ ಪದರದಲ್ಲಿ ಮೊದಲೇ ನಿಕಲ್‌ನಂಥ ಲೋಹದ ಸಂಯುಕ್ತ ಇಟ್ಟಿರುತ್ತಾರೆ. ಒಳಬಂದ ಡೈ ಅಣುಗಳು ಆ ಲೋಹವನ್ನು ಇಕ್ಕಳದ ಹಾಗೆ ಹಿಡಿದು ದೊಡ್ಡ ಅಣುವಾಗುತ್ತವೆ. ಬೆಳಕಿಗೂ ಗಟ್ಟಿ, ಜಾಗ ಬಿಟ್ಟು ಕದಲುವುದೂ ಇಲ್ಲ. ಕಷ್ಟ ಏನೆಂದರೆ ಲೋಹ ಸೇರಿದೊಡನೆ ಡೈಯ ಬಣ್ಣವೇ ಬದಲಾಗುತ್ತದೆ. ಆ ಬದಲಾವಣೆಯನ್ನು ಮೊದಲೇ ಲೆಕ್ಕ ಹಾಕಿ ಡೈ ರೂಪಿಸಬೇಕು. ಚಿಕ್ಕದಾಗಿಯೂ ಇರಬೇಕು, ಗಟ್ಟಿಯಾಗಿಯೂ ಇರಬೇಕು ಎಂಬ ಎರಡು ಬೇಡಿಕೆಗಳನ್ನು ಎರಡು ಬೇರೆ ಗಳಿಗೆಗಳಿಗೆ ಹಂಚಿದ್ದು ಇದರ ಜಾಣ್ಮೆ.

ಇಷ್ಟೆಲ್ಲ ಮಾಡಿದ ಮೇಲೆ ಫೋಟೋ ಎಷ್ಟು ವರ್ಷ ಬಾಳುತ್ತದೆ? ಬಟ್ಟೆಯವರಿಗೆ, ಬಟ್ಟೆಯ ಜೊತೆ ಬೆಳಕಿಗಿಟ್ಟು ಹೋಲಿಸಲು, ಎಂಟು ನೀಲಿ ಉಣ್ಣೆ ಪಟ್ಟಿಗಳ ಅಳತೆ ಇದೆ. ಒಂದೊಂದು ಪಟ್ಟಿಯೂ ಹಿಂದಿನದಕ್ಕಿಂತ ಸುಮಾರು ಎರಡು ಪಟ್ಟು ತಡವಾಗಿ ಮಾಸುತ್ತದೆ. ಫೋಟೋದವರು ಜೋರಾದ ಬೆಳಕಿನಡಿ ಇಟ್ಟು, ಬಂದ ಲೆಕ್ಕವನ್ನು ಮನೆಯ ಬೆಳಕಿಗೆ ಹೊಂದಿಸಿ ವರ್ಷ ಹೇಳುತ್ತಾರೆ. ಈ ವಿಷಯದಲ್ಲಿ ಹೆಸರಾದ ಹೆನ್ರಿ ವಿಲ್ಹೆಲ್ಮ್ ದಿನಕ್ಕೆ 12 ಗಂಟೆ 450 ಲಕ್ಸ್ (ಬೀಳುವ ಬೆಳಕಿನ ಅಳತೆ) ಬೆಳಕು ಎಂದು ಹಿಡಿದರು. ಕೊಡಾಕ್ 120 ಲಕ್ಸ್ ಹಿಡಿಯಿತು. ಅದೇ ಫೋಟೋ ಎರಡನೇ ಲೆಕ್ಕದಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು ಬಾಳುತ್ತದೆ! ಅಲ್ಲದೆ, ಜೋರು ಬೆಳಕಿನ ಕೆಲವು ವಾರ ಮತ್ತು ಸಣ್ಣ ಬೆಳಕಿನ ಹಲವು ವರ್ಷ ಯಾವಾಗಲೂ ಒಂದೇ ಫಲ ಕೊಡುವುದಿಲ್ಲ. ಆಮ್ಲಜನಕ ಪದರದೊಳಗೆ ಇಳಿಯಲು ಸಮಯ ಬೇಕು. ಅವಸರದ ಪರೀಕ್ಷೆ ಅದಕ್ಕೆ ಆ ಸಮಯ ಕೊಡುವುದಿಲ್ಲ.

ಆದ್ದರಿಂದ ಯಾವುದೇ ಥರ್ಮಲ್ ಫೋಟೋಗೆ ಇಷ್ಟು ವರ್ಷ ಬಾಳಿಕೆ ಎಂದು ಬರೆದದ್ದು ಕಂಡರೆ ನಾನು ಎರಡು ಸಂಗತಿ ಹುಡುಕುತ್ತೇನೆ. ಎಷ್ಟು ಲಕ್ಸ್ ಹಿಡಿದು ಹೇಳಿದ್ದು? ಮಾಸಿದ್ದನ್ನು ಅಳೆದದ್ದು ಬಿಡಿ ಬಣ್ಣದ ಪಟ್ಟಿಯಲ್ಲೋ, ಮೂರೂ ಬೆರೆತ ಬೂದು ಪಟ್ಟಿಯಲ್ಲೋ?