1500 ವೋಲ್ಟ್‌ನಿಂದ 25,000 ವೋಲ್ಟ್‌ಗೆ: ಮುಂಬೈ ಲೋಕಲ್‌ನ ತಂತಿ ಬದಲಾದ ಬಗೆ

1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಹಾರ್ಬರ್ ಮಾರ್ಗವಾಗಿ ಕುರ್ಲಾಕ್ಕೆ ನಾಲ್ಕು ಬೋಗಿಗಳ ರೈಲೊಂದು ಹೊರಟಿತು. ಭಾರತದ ಮೊದಲ ವಿದ್ಯುತ್ ರೈಲು ಅದು. ಮೇಲಿನ ತಂತಿಯಲ್ಲಿದ್ದದ್ದು 1500 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು. 1928ರ ಜನವರಿಯಲ್ಲಿ ಪಶ್ಚಿಮದ ಕೊಲಾಬಾ–ಬೊರಿವಲಿ ಮಾರ್ಗಕ್ಕೂ ಅದೇ ಬಂತು. ಮುಂಬೈನ ಲೋಕಲ್ ಮಾರ್ಗಗಳಿಂದ ಈ 1500 ವೋಲ್ಟ್ ಪೂರ್ತಿ ಮರೆಯಾದದ್ದು 2016ರ ಏಪ್ರಿಲ್‌ನಲ್ಲಿ. ನಡುವೆ ಕಳೆದದ್ದು 91 ವರ್ಷ.

ಇಷ್ಟು ತಡವಾಯಿತೆಂದು ಮೊದಲ ಇಂಜಿನಿಯರುಗಳನ್ನು ದೂರುವಂತಿಲ್ಲ. ರೈಲಿಗೆ ಬೇಕಾದದ್ದು ನಿಂತಲ್ಲಿಂದ ಎದ್ದು ಹೊರಡುವಾಗ ಅತಿ ಹೆಚ್ಚು ಎಳೆತ ಕೊಡುವ ಮೋಟರು. ಡಿಸಿ ಸೀರೀಸ್ ಮೋಟರಿನ ಸ್ವಭಾವವೇ ಅದು. ಅದನ್ನು ಹಿಡಿತದಲ್ಲಿಡಲು ಕೆಲವು ರೆಸಿಸ್ಟರ್, ಕೆಲವು ಸ್ವಿಚ್ಚು ಸಾಕು: ಮೊದಲು ಮೋಟರುಗಳೆಲ್ಲ ಸರಣಿಯಲ್ಲಿ, ವೇಗ ಬಂದ ಮೇಲೆ ಸಮಾಂತರದಲ್ಲಿ. ಎಸಿಯನ್ನು (ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತನ್ನು) ಡಿಸಿ ಮಾಡುವ ಯಂತ್ರವನ್ನು ಬೋಗಿಯೊಳಗೆ ಹೊತ್ತೊಯ್ಯುವುದು ಆಗಿನ ತಂತ್ರಜ್ಞಾನಕ್ಕೆ ನಿಲುಕದ ಮಾತು. ಹಾಗಾಗಿ ಆ ಪರಿವರ್ತನೆಯನ್ನು ನೆಲದ ಮೇಲೆ, ಹಳಿಯ ಪಕ್ಕದ ಸಬ್‌ಸ್ಟೇಷನ್‌ಗಳಲ್ಲೇ ಮುಗಿಸಿ ತಂತಿಗೆ ಬಿಟ್ಟರು.

ತೊಂದರೆ ಶುರುವಾದದ್ದು ರೈಲು ಬೆಳೆದಾಗ. ನಾಲ್ಕು ಬೋಗಿ ಒಂಬತ್ತಾಯಿತು, ಹನ್ನೆರಡಾಯಿತು. ಹೊರಡುವ ಒಂದು ಉದ್ದನೆಯ ರೈಲಿಗೆ 3000 ಕಿಲೋವ್ಯಾಟ್ ಬೇಕು ಎಂದಿಟ್ಟುಕೊಳ್ಳಿ. 1500 ವೋಲ್ಟ್‌ನಲ್ಲಿ ಅದು 2000 ಆಂಪಿಯರ್. ತಂತಿ ಮತ್ತು ಹಳಿ ಸೇರಿ ಕಿಲೋಮೀಟರಿಗೆ 0.05 ಓಮ್ ರೋಧವಿದೆ ಅಂದುಕೊಂಡರೆ, ಸಬ್‌ಸ್ಟೇಷನ್ನಿನಿಂದ ಎರಡು ಕಿ.ಮೀ. ದೂರದಲ್ಲಿ 200 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 400 ಕಿಲೋವ್ಯಾಟ್ ಬರಿಯ ಶಾಖವಾಗಿ ಹೋಗುತ್ತದೆ. ಅದೇ 3000 ಕಿಲೋವ್ಯಾಟ್‌ಗೆ 25,000 ವೋಲ್ಟ್‌ನಲ್ಲಿ ಬೇಕಾಗುವುದು ಸುಮಾರು 120 ಆಂಪಿಯರ್. ಎಸಿಯಲ್ಲಿ ತಂತಿಯ ಇಂಡಕ್ಟನ್ಸ್ (ಬದಲಾಗುವ ಕರೆಂಟಿಗೆ ತಂತಿ ಒಡ್ಡುವ ತಡೆ) ಸೇರಿಕೊಂಡು ಅಡ್ಡಿ ಹೆಚ್ಚುವುದು ನಿಜ. ಅದು ಐದು ಪಟ್ಟಾದರೂ ನಷ್ಟವಾಗುವುದು 60 ವೋಲ್ಟ್, ಅದೂ 25,000ದಲ್ಲಿ.

ವೋಲ್ಟೇಜ್ ಇಳಿತಕ್ಕಿಂತ ಇಂಜಿನಿಯರುಗಳ ನಿದ್ದೆಗೆಡಿಸುತ್ತಿದ್ದದ್ದು ಇನ್ನೊಂದು. ಐದು ಕಿ.ಮೀ. ಆಚೆ ತಂತಿ ಹರಿದು ಹಳಿಯ ಮೇಲೆ ಬಿತ್ತು ಎನ್ನಿ. ಮೇಲಿನ ಲೆಕ್ಕದಂತೆ ದಾರಿಯ ರೋಧ 0.25 ಓಮ್, ಹರಿಯುವ ಕರೆಂಟು 6000 ಆಂಪಿಯರ್. ಮೂರು ರೈಲು ಒಟ್ಟಿಗೆ ಹೊರಟರೂ 6000 ಆಂಪಿಯರ್! ಯಾವುದು ಅವಘಡ, ಯಾವುದು ಬೆಳಗಿನ ಜನಜಂಗುಳಿ ಎಂದು, ಕರೆಂಟು ಮಿತಿ ಮೀರಿದಾಗ ಲೈನನ್ನು ಕಡಿಯುವ ಬ್ರೇಕರಿಗೆ ತಿಳಿಯುವುದು ಹೇಗೆ? ಬ್ರೇಕರನ್ನು ಕಡಿಮೆ ಮಿತಿಗೆ ಹೊಂದಿಸಿದರೆ ಆಫೀಸಿನ ಹೊತ್ತಿಗೆ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ, ಹೆಚ್ಚಿನ ಮಿತಿಗೆ ಹೊಂದಿಸಿದರೆ ಬಿದ್ದ ತಂತಿ ಕರಗುತ್ತದೆ. ಕರೆಂಟು ಎಷ್ಟು ಬೇಗ ಏರಿತು ಎಂಬುದನ್ನು ಅಳೆಯುವ ರಿಲೇಗಳಿಂದ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚುಗಳಿಂದ) ಸ್ವಲ್ಪ ಪರಿಹಾರ ಸಿಕ್ಕಿತು. ನಿಜವಾದ ಪರಿಹಾರವೆಂದರೆ ಕೆಲವೇ ಕಿ.ಮೀ.ಗೆ ಒಂದು ಸಬ್‌ಸ್ಟೇಷನ್ ಕಟ್ಟುತ್ತ ಹೋಗುವುದು. ಮುಂಬೈಯಲ್ಲಿ ಅದಕ್ಕೆ ಜಾಗವೆಲ್ಲಿದೆ?

ಭಾರತೀಯ ರೈಲ್ವೆ 1957ರಲ್ಲೇ 25,000 ವೋಲ್ಟ್, 50 ಹರ್ಟ್ಸ್ ಎಸಿಯನ್ನು ಒಪ್ಪಿಕೊಂಡಿತ್ತು. ಕಲ್ಕತ್ತಾ, ಮದ್ರಾಸಿನ ಸಣ್ಣ ಡಿಸಿ ಜಾಲಗಳು 1960ರ ದಶಕದಲ್ಲೇ ಅದಕ್ಕೆ ಬದಲಾದವು. ಮುಂಬೈ ಮಾತ್ರ ಮುಟ್ಟಲಾರದಷ್ಟು ದೊಡ್ಡದಾಗಿತ್ತು, ಮೇಲಾಗಿ ರಾತ್ರಿ ಕೆಲವೇ ಗಂಟೆ ಬಿಟ್ಟರೆ ಅದು ನಿಲ್ಲುವುದೇ ಇಲ್ಲ. 1999ರಲ್ಲಿ ಸ್ಥಾಪನೆಯಾದ ಮುಂಬೈ ರೈಲ್ವೆ ವಿಕಾಸ ನಿಗಮ ಮತ್ತು ವಿಶ್ವಬ್ಯಾಂಕಿನ ಸಾಲ ಬಂದ ಮೇಲೆ ಕೆಲಸ ಗಂಭೀರವಾಗಿ ಹಿಡಿಯಿತು.

ಒಂದೇ ರಾತ್ರಿಯಲ್ಲಿ ಊರನ್ನೆಲ್ಲ ಬದಲಿಸಲಾಗದ್ದರಿಂದ ಮೊದಲು ಬೇಕಾದದ್ದು ಎರಡೂ ವಿದ್ಯುತ್ತಿಗೆ ಒಗ್ಗುವ ರೇಕ್, ಅಂದರೆ ಬೋಗಿಗಳ ಪೂರ್ತಿ ಸಾಲು. ಎಸಿ ತಂತಿಯ ಕೆಳಗೆ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಕನ್ವರ್ಟರ್ ಅದನ್ನು ಡಿಸಿ ಮಾಡುತ್ತದೆ, ಇನ್ವರ್ಟರ್ ಮತ್ತೆ ಮೂರು ಫೇಸ್ ಎಸಿ ಮಾಡಿ ಇಂಡಕ್ಷನ್ ಮೋಟರಿಗೆ ಕೊಡುತ್ತದೆ. ಡಿಸಿ ತಂತಿಯ ಕೆಳಗೆ ಮೊದಲ ಹಂತಗಳನ್ನು ಬಿಟ್ಟು ನೇರವಾಗಿ ನಡುವಿನ ಡಿಸಿ ಹಂತಕ್ಕೇ ಕರೆಂಟು ಕೊಡಬಹುದು. ಎರಡು ವಲಯಗಳ ನಡುವೆ ವಿದ್ಯುತ್ತೇ ಇಲ್ಲದ ತಂತಿಯ ತುಂಡು ಇರುತ್ತಿತ್ತು. ಮೋಟರ್‌ಮನ್ ಅಲ್ಲಿ ಪವರ್ ತೆಗೆದು, ರೈಲನ್ನು ಅದರ ಓಟದ ಬಲದಲ್ಲೇ ದಾಟಿಸಬೇಕು. ಡಿಸಿಗೆ ಹೊಂದಿಸಿದ ಉಪಕರಣಕ್ಕೆ 25,000 ವೋಲ್ಟ್ ಹೊಕ್ಕರೆ ಅದು ಉಳಿಯುವುದಿಲ್ಲ. ಆದ್ದರಿಂದ ಮೇಲಿರುವುದು ಯಾವ ವಿದ್ಯುತ್ತು ಎಂಬುದನ್ನು ರೈಲೇ ಅಳೆದು ಖಚಿತಪಡಿಸಿಕೊಂಡ ಮೇಲಷ್ಟೇ ಒಳಗೆ ಬಿಟ್ಟುಕೊಳ್ಳಬೇಕು.

ಎರಡನೆಯ ತಲೆನೋವು ಸಿಗ್ನಲ್. ಹಳಿಯ ಒಂದು ತುಂಡಿಗೆ ಒಂದು ಕೊನೆಯಲ್ಲಿ ಸಣ್ಣ ವೋಲ್ಟೇಜ್ ಕೊಟ್ಟು, ಇನ್ನೊಂದು ಕೊನೆಯಲ್ಲಿ ರಿಲೇ ಇಡುತ್ತಾರೆ. ರೈಲಿನ ಗಾಲಿ ಎರಡೂ ಹಳಿಗಳನ್ನು ಜೋಡಿಸಿದೊಡನೆ ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಇದಕ್ಕೆ ಟ್ರ್ಯಾಕ್ ಸರ್ಕ್ಯೂಟ್ ಎನ್ನುತ್ತಾರೆ. ಆದರೆ ರೈಲು ಎಳೆಯುವ ಕರೆಂಟು ವಾಪಸಾಗುವುದೂ ಇದೇ ಹಳಿಯಲ್ಲಿ. ಹಾಗಾಗಿ ಡಿಸಿ ಮಾರ್ಗದಲ್ಲಿ ಎಸಿ ಟ್ರ್ಯಾಕ್ ಸರ್ಕ್ಯೂಟ್, ಎಸಿ ಮಾರ್ಗದಲ್ಲಿ ಡಿಸಿ ಟ್ರ್ಯಾಕ್ ಸರ್ಕ್ಯೂಟ್ ಬಳಸುವುದು ವಾಡಿಕೆ. ಬದಲಾವಣೆಯ ಕಾಲದಲ್ಲಿ ಎರಡೂ ಕೆಲಸಕ್ಕೆ ಬಾರವು. ತಪ್ಪು ಕರೆಂಟು ರಿಲೇಯನ್ನು ಎತ್ತಿ ಹಿಡಿದರೆ, ರೈಲು ನಿಂತಿದ್ದರೂ ಹಳಿ ಖಾಲಿ ಎಂದು ತೋರಿಸೀತು. ಬೇರೆಯದೇ ಆವರ್ತನದಲ್ಲಿ ಕೆಲಸ ಮಾಡುವ ಆಡಿಯೋ ಫ್ರೀಕ್ವೆನ್ಸಿ ಸರ್ಕ್ಯೂಟ್‌ಗಳು ಮತ್ತು ಒಳಹೋದ, ಹೊರಬಂದ ಗಾಲಿಗಳನ್ನು ಎಣಿಸುವ ಆಕ್ಸಲ್ ಕೌಂಟರ್‌ಗಳು ಇದಕ್ಕೆ ಉತ್ತರ. ಹಳಿಗುಂಟ ಮಲಗಿದ್ದ ಹಳೆಯ ತಾಮ್ರದ ಕೇಬಲ್‌ಗಳದ್ದೂ ಇದೇ ಪಾಡು: 25,000 ವೋಲ್ಟ್ ಎಸಿ ತಂತಿ ಪಕ್ಕದ ಕೇಬಲಿನಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಟೆಲಿಫೋನ್, ಸಿಗ್ನಲ್ ಕೇಬಲ್‌ಗಳಿಗೆಲ್ಲ ಇದರಿಂದ ರಕ್ಷಣೆ ಒದಗಿಸಬೇಕಾಯಿತು.

ಎಲ್ಲಕ್ಕಿಂತ ಹಟಮಾರಿಯಾಗಿದ್ದದ್ದು ಕಲ್ಲು-ಕಬ್ಬಿಣ. 1500 ವೋಲ್ಟ್ ತಂತಿ ಸೇತುವೆಯ ಹೊಟ್ಟೆಗೆ ತೀರ ಸಮೀಪದಲ್ಲಿ ಹಾಯ್ದರೂ ನಡೆಯುತ್ತದೆ. 25,000 ವೋಲ್ಟ್ ಗಾಳಿಯನ್ನೇ ದಾಟಿ ಹಾರುತ್ತದೆ, ಸುಮಾರು ಕಾಲು ಮೀಟರ್ ಅಂತರ ಬೇಕು. ದಕ್ಷಿಣ ಮುಂಬೈನ ಬ್ರಿಟಿಷ್ ಕಾಲದ ಮೇಲ್ಸೇತುವೆಗಳನ್ನು ಈ ಲೆಕ್ಕ ಹಾಕಿ ಕಟ್ಟಿದ್ದಲ್ಲ. ಇಂಥ ಕಡೆ ಇರುವ ದಾರಿಗಳು ಮೂರೇ: ಹಳಿಯನ್ನು ತಗ್ಗಿಸುವುದು, ತಂತಿಯನ್ನು ಬಿಗಿದು ಇಳಿಸಿ ವೇಗಕ್ಕೆ ಮಿತಿ ಹಾಕುವುದು, ಇಲ್ಲವೇ ಸೇತುವೆಯನ್ನೇ ಒಡೆಯುವುದು. ಹಳಿ ತಗ್ಗಿಸಿದರೆ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಅದೂ ಮುಂಬೈನ ಮಳೆ! ಸ್ಯಾಂಡ್‌ಹರ್ಸ್ಟ್ ರೋಡ್ ಬಳಿಯ ಹ್ಯಾಂಕಾಕ್ ಸೇತುವೆಯನ್ನು 2016ರ ಜನವರಿಯಲ್ಲಿ ದೀರ್ಘ ಮೆಗಾ ಬ್ಲಾಕ್ ಹಾಕಿ, ಅಂದರೆ ರೈಲು ಸಂಚಾರ ನಿಲ್ಲಿಸಿ, ಕೆಡವಿದರು.

ತಂತಿಯ ಇನ್ಸುಲೇಟರ್‌ಗಳನ್ನು ಬದಲಿಸುವ ಕ್ರಮ ಚೆನ್ನಾಗಿದೆ. ಲೈನಿನಲ್ಲಿ ಇನ್ನೂ 1500 ವೋಲ್ಟ್ ಹರಿಯುತ್ತಿರುವಾಗಲೇ, ಭಾನುವಾರದ ಬ್ಲಾಕ್‌ಗಳಲ್ಲಿ ಟವರ್ ವ್ಯಾಗನ್ ಏರಿ ಒಂದೊಂದಾಗಿ 25,000 ವೋಲ್ಟ್ ತಡೆಯುವ ಇನ್ಸುಲೇಟರ್ ಹಾಕುತ್ತ ಬರುತ್ತಾರೆ. ದೊಡ್ಡ ಇನ್ಸುಲೇಟರಿಗೆ ಸಣ್ಣ ವೋಲ್ಟೇಜ್ ಲೆಕ್ಕಕ್ಕಿಲ್ಲ. ಪ್ಲಾಟ್‌ಫಾರ್ಮಿನ ತಗಡು, ಪಾದಚಾರಿ ಸೇತುವೆ, ಬೇಲಿ ಹೀಗೆ ಹತ್ತಿರದ ಕಬ್ಬಿಣವನ್ನೆಲ್ಲ ಅರ್ತ್ ಮಾಡುತ್ತಾರೆ. ಕೊನೆಯ ರಾತ್ರಿ ಉಳಿಯುವುದು ತಂತಿಗೆ ಡಿಸಿ ತರುವ ಫೀಡರ್ ಕಳಚುವುದು, ಜಂಪರ್ (ತಂತಿಯ ಭಾಗಗಳನ್ನು ಜೋಡಿಸುವ ಕಿರುತಂತಿ) ಬಿಚ್ಚಿ ಕಟ್ಟುವುದು, ಇನ್ಸುಲೇಷನ್ ಅಳೆಯುವುದು, 25,000 ಹಾಯಿಸಿ ಪರೀಕ್ಷೆಯ ರೈಲು ಓಡಿಸುವುದು. ಮರೆತ ಒಂದು ಜಂಪರ್, ಕಟ್ಟದ ಒಂದು ಅರ್ತ್ ಸಾಕು, ಬೆಳಗಿನ ಮೊದಲ ಲೋಕಲ್ ಹೊರಡುವುದಿಲ್ಲ. ಪಶ್ಚಿಮ ರೈಲ್ವೆ 2012ರ ಫೆಬ್ರವರಿಯಲ್ಲಿ ಚರ್ಚ್‌ಗೇಟ್‌ವರೆಗೆ ಮುಗಿಸಿತು, ಮಧ್ಯ ರೈಲ್ವೆಯ ಮುಖ್ಯ ಮಾರ್ಗ 2015ರ ಜೂನ್‌ನಲ್ಲಿ, ಹಾರ್ಬರ್ ಕೊನೆಗೆ.

ಲಾಭದಲ್ಲಿ ದೊಡ್ಡದು ಬ್ರೇಕ್ ಹಾಕುವಾಗಿನದು. ಹೊಸ ರೇಕ್‌ನ ಮೋಟರು ಬ್ರೇಕ್ ವೇಳೆಯಲ್ಲಿ ಜನರೇಟರ್ ಆಗುತ್ತದೆ. ಡಿಸಿಯಲ್ಲಿ ಹೀಗೆ ಹುಟ್ಟಿದ ವಿದ್ಯುತ್ತನ್ನು ಬಳಸಲು ಹತ್ತಿರದಲ್ಲೇ ಇನ್ನೊಂದು ರೈಲು ಹೊರಡುತ್ತಿರಬೇಕು. ಸಬ್‌ಸ್ಟೇಷನ್ನಿನಲ್ಲಿ ಎಸಿಯನ್ನು ಡಿಸಿ ಮಾಡುವ ಡಯೋಡ್ ರೆಕ್ಟಿಫೈಯರ್ ಒಮ್ಮುಖ ದಾರಿ, ಹಿಂದಕ್ಕೆ ಬಿಡುವುದಿಲ್ಲ. ಎಸಿಯಲ್ಲಿ ಅದು ಟ್ರಾನ್ಸ್‌ಫಾರ್ಮರ್ ದಾಟಿ ಗ್ರಿಡ್‌ವರೆಗೂ ಹೋಗಬಹುದು. ಎರಡು ಮೂರು ಕಿಲೋಮೀಟರಿಗೊಮ್ಮೆ ನಿಲ್ಲುವ ಲೋಕಲ್‌ಗೆ ಇದು ಸಣ್ಣ ಉಳಿತಾಯವಲ್ಲ.

ಹಾಗಂತ ಡಿಸಿ ಹಳತಾಯಿತು ಎನ್ನುವಂತಿಲ್ಲ. 2011ರಲ್ಲಿ ಶುರುವಾದ ಬೆಂಗಳೂರಿನ ನಮ್ಮ ಮೆಟ್ರೋ ಓಡುವುದು ಹಳಿಯ ಪಕ್ಕದ ಮೂರನೇ ಹಳಿಯಲ್ಲಿನ 750 ವೋಲ್ಟ್ ಡಿಸಿಯಲ್ಲೇ. ಸುರಂಗದಲ್ಲಿ ತಲೆಯ ಮೇಲೆ ಕಾಲು ಮೀಟರ್ ಗಾಳಿ ಬಿಡಬೇಕಿಲ್ಲ, ಸೇತುವೆಯ ಮೇಲೆ ಕಂಬಗಳ ಸಾಲಿಲ್ಲ. ಆರು ಬೋಗಿಯ ರೈಲಿಗೆ ಅಷ್ಟು ಸಾಲುತ್ತದೆ, ಹದಿನೈದು ಬೋಗಿಯ ರೈಲಿಗೆ ಸಾಲದು. ಮುಂಬೈಯಲ್ಲಿ ಹದಿನೈದು ಬೋಗಿಗೆ ಈಗ ವಿದ್ಯುತ್ ಅಡ್ಡಿಯಲ್ಲ. ಪ್ಲಾಟ್‌ಫಾರ್ಮ್ ಉದ್ದ ಮಾಡಬೇಕು, ಅದಕ್ಕೆ ಹಳಿಯ ಕವಲು ಮತ್ತು ಸಿಗ್ನಲ್ ಕಂಬಗಳನ್ನು ಆಚೆ ಸರಿಸಬೇಕು, ಎಷ್ಟೋ ನಿಲ್ದಾಣಗಳಲ್ಲಿ ಅದರ ಆಚೆಗೆ ಇರುವುದು ಮತ್ತದೇ ರಸ್ತೆ ಮೇಲ್ಸೇತುವೆ.