ಗೇರುಹಣ್ಣಿಗೆ ಜೀರಿಗೆ ಮೆಣಸಿನ ಜೊತೆ

ಮಾರ್ಚ್ ಬಂತೆಂದರೆ ಕಾಸರಗೋಡಿನ ಗುಡ್ಡೆಗಳಲ್ಲಿ ಗೇರುಮರದ ಬುಡವೆಲ್ಲ ಕೆಂಪು, ಹಳದಿ ಹಣ್ಣು. ಬೀಜ ತಿರುಪಿ ಬುಟ್ಟಿಗೆ ಹಾಕುತ್ತೇವೆ, ಹಣ್ಣನ್ನು ಅಲ್ಲೇ ಬಿಡುತ್ತೇವೆ. ದನಗಳು ಒಂದಷ್ಟು ತಿನ್ನುತ್ತವೆ. ಉಳಿದದ್ದು ಕೊಳೆತು ಹುಳಿ ವಾಸನೆ ಹೊಡೆಯುತ್ತದೆ. ಬೀಜದ ತೂಕದ ಐದರಿಂದ ಹತ್ತು ಪಟ್ಟು ತೂಗುವ ಹಣ್ಣು ಅದು. ಹಿಂಡಿದರೆ ರಸ ಸುರಿಯುತ್ತದೆ. ಸಿ ವಿಟಮಿನ್ ಕಿತ್ತಳೆಗಿಂತ ಹಲವು ಪಟ್ಟು ಜಾಸ್ತಿ. ಇದನ್ನು ಹೀಗೆ ಮಣ್ಣುಪಾಲು ಮಾಡುವುದು ನನಗಂತೂ ಸಂಕಟದ ವಿಷಯ.

ಅದೇ ಬಿಸಿಲಿನಲ್ಲಿ ಹೆದ್ದಾರಿ ಬದಿಗೆ ಹೋಗಿ ನಾವು ಕುಲುಕ್ಕಿ ಸರ್ಬತ್ತು ಕುಡಿಯುತ್ತೇವೆ. ಲಿಂಬೆ, ಸಕ್ಕರೆ ಪಾಕ, ಸೀಳಿದ ಹಸಿಮೆಣಸು, ನೆನೆದ ಕಾಮಕಸ್ತೂರಿ ಬೀಜ, ಐಸು. ಒಂದು ಲೋಟದ ಮೇಲೆ ಇನ್ನೊಂದನ್ನು ಕವುಚಿ ಚೆನ್ನಾಗಿ ಕುಲುಕಿ ಕೊಡುತ್ತಾರೆ. ತಂಪು, ಹುಳಿ, ಸಿಹಿ, ಅದರ ಹಿಂದೆಯೇ ಖಾರ. ಇದೇ ಉಪಾಯವನ್ನು ಗೇರುಹಣ್ಣಿನ ರಸಕ್ಕೂ ಅನಾನಸಿಗೂ ಹಾಕಿ ಮನೆಯಲ್ಲೇ ಒಳ್ಳೆಯ ಕಾಕ್‌ಟೇಲ್ ಮಾಡಬಹುದು. ಹೆಂಡ ಬೇಡ. ಬರೀ ಹಣ್ಣು, ಮೆಣಸು, ಉಪ್ಪು ಸಾಕು. ಆದರೆ ಸುಮ್ನೆ ಎಲ್ಲ ಬೆರೆಸಿದರೆ ಆಗುವುದಿಲ್ಲ. ಗೇರುಹಣ್ಣಿನ ಚೊಗರನ್ನು, ಅಂದರೆ ಒಗರನ್ನು, ತೆಗೆಯಬೇಕು, ಖಾರವನ್ನು ಹದದಲ್ಲಿ ಉಳಿಸಬೇಕು. ಇವೆರಡೂ ಸಕ್ಕರೆ ಹೆಚ್ಚು ಕಡಿಮೆ ಮಾಡಿ ಸರಿಮಾಡುವ ಸಂಗತಿಗಳಲ್ಲ.

ಯಾಕೆಂದರೆ ಇವೆರಡೂ ಸಿಹಿ, ಹುಳಿಗಳ ಜಾತಿಗೆ ಸೇರಿದವಲ್ಲ. ನಮ್ಮ ಹಿರಿಯರ ಷಡ್ರಸದ ಪಟ್ಟಿಯಲ್ಲಿ ಸಿಹಿ, ಹುಳಿ, ಉಪ್ಪು, ಕಹಿಗಳ ಜೊತೆ ಖಾರ ಮತ್ತು ಒಗರು ಕೂಡ ಇವೆ. ಇಂದಿನ ವಿಜ್ಞಾನದ ಪಟ್ಟಿಯಲ್ಲಿ ಮೊದಲಿನ ನಾಲ್ಕರ ಜೊತೆ ಉಮಾಮಿ ಇದೆ. ಖಾರ, ಒಗರು ಇಲ್ಲ. ಅವನ್ನು ನಾಲಗೆಯ ರುಚಿಮೊಗ್ಗುಗಳು ಗುರುತಿಸುವುದಿಲ್ಲ. ಖಾರ ಅಂದರೆ ಉರಿ. ಬಿಸಿಯನ್ನೂ ನೋವನ್ನೂ ಹೇಳುವ ನರಗಳೇ ಅದನ್ನೂ ಹೇಳುತ್ತವೆ. ಒಗರು ಹೆಚ್ಚಾಗಿ ಸ್ಪರ್ಶ. ಆದರೂ ಲೋಟ ಹಿಡಿದು ಕುಡಿಯುವವನಿಗೆ ಆರೂ ಬೇಕು. ಊಟದ ವಿಷಯದಲ್ಲಿ ಹಳೆಯ ಪಟ್ಟಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನಗನಿಸುತ್ತದೆ.

ಮೊದಲು ಚೊಗರು. ಗೇರುಹಣ್ಣಿನಲ್ಲಿ ಟ್ಯಾನಿನ್ ಇದೆ. ಚಹಾದಲ್ಲಿ, ಹಸಿ ಅಡಿಕೆಯಲ್ಲಿ ಇರುವುದೂ ಇದೇ ಗುಂಪಿನ ವಸ್ತುಗಳು. ನಮ್ಮ ಜೊಲ್ಲಿನಲ್ಲಿ ಬಾಯಿಯನ್ನು ನುಣುಪಾಗಿ ಇಡುವ ಪ್ರೋಟೀನುಗಳಿವೆ. ಟ್ಯಾನಿನ್ ಬಂದು ಅವನ್ನು ಹಿಡಿದುಕೊಂಡು ಗಂಟು ಕಟ್ಟಿಸುತ್ತದೆ. ಬಾಯಿಯ ನುಣುಪು ಹೋಗುತ್ತದೆ, ನಾಲಗೆ ದೊರಗಾಗುತ್ತದೆ, ಗಂಟಲು ಕೆರೆದಂತಾಗುತ್ತದೆ. ಸಕ್ಕರೆ ಹಾಕಿದರೆ ಸಿಹಿ ಏರುತ್ತದೆ, ಟ್ಯಾನಿನ್ ಮಾತ್ರ ಇದ್ದಲ್ಲೇ ಇರುತ್ತದೆ.

ಹಾಗಾದರೆ ಟ್ಯಾನಿನ್‌ಗೆ ಹಿಡಿದುಕೊಳ್ಳಲು ಬೇರೆ ಏನಾದರೂ ಮೊದಲೇ ಕೊಟ್ಟುಬಿಟ್ಟರೆ? ಅದಕ್ಕೆ ಬೇಕಾದದ್ದು ನಮ್ಮ ಅಡುಗೆಮನೆಯಲ್ಲೇ ಇದೆ, ಗಂಜಿಯ ತಿಳಿ. ಸಬ್ಬಕ್ಕಿಯೂ ಆಗುತ್ತದೆ. ಒಂದು ಲೀಟರ್ ರಸಕ್ಕೆ ಒಂದು ಸಣ್ಣ ಚಮಚ ಸಬ್ಬಕ್ಕಿ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಬೇಯಿಸಿ, ಆರಿಸಿ, ರಸಕ್ಕೆ ಬೆರೆಸಿ ಫ್ರಿಜ್ಜಿನಲ್ಲಿ ಇಡೀ ರಾತ್ರಿ ಬಿಡಿ. ಅದರ ಗಂಜಿಯಂಶ ಟ್ಯಾನಿನ್ ಜೊತೆ ಕೂಡಿ ತಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಮೇಲಿನ ತಿಳಿಯನ್ನು ಅಲುಗಿಸದೆ ಬಸಿದು, ಬಟ್ಟೆಯಲ್ಲಿ ಸೋಸಿ. ಮೊದಲ ಗುಟುಕಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಪರಿಮಳ ಹಾಗೇ ಇರುತ್ತದೆ, ಕೆರೆತ ಬಹುಪಾಲು ಹೋಗಿರುತ್ತದೆ. ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಕೊಂಚ ಚೊಗರು ಇದ್ದರೇ ಅದು ಗೇರುಹಣ್ಣು, ಅಲ್ವಾ?

ಬೀಜ ಬೇರೆ ಮಾಡುವಾಗ ಮಾತ್ರ ಜಾಗ್ರತೆ. ಸಸ್ಯಶಾಸ್ತ್ರದ ಪ್ರಕಾರ ನಾವು ಹಣ್ಣು ಅನ್ನುವುದು ಊದಿಕೊಂಡ ತೊಟ್ಟು. ಕೆಳಗೆ ನೇತಾಡುವುದೇ ನಿಜವಾದ ಹಣ್ಣು. ಅದರ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಬೀಜ ಅಂಟಿದ್ದ ತುದಿಯನ್ನು ಒಂದು ಚೂರು ಕೊಯ್ದು ಬಿಸಾಡಿ, ಆಮೇಲೆ ಹಿಂಡಿ.

ಇನ್ನು ಮೆಣಸು. ನಮ್ಮಲ್ಲಿ ಅಂಗಳದ ಬದಿಯಲ್ಲಿ ಯಾರೂ ನೆಡದೆ ಜೀರಿಗೆ ಮೆಣಸು ಎಂಬ ಪುಟ್ಟ ಮೆಣಸಿನ ಗಿಡ ಹುಟ್ಟುತ್ತದೆ. ನೆಡುವವು ಹಕ್ಕಿಗಳು. ಮೆಣಸಿನ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ನಮ್ಮ ಬಾಯಿಯ ನರತುದಿಗಳಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನು ಇದೆ. ಅದು ಬಿಸಿಯನ್ನು ಗುರುತಿಸುವ ಬಾಗಿಲು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೆರೆಯುತ್ತದೆ, ಸುಡುತ್ತಿದೆ ಎಂದು ಮಿದುಳಿಗೆ ಹೇಳುತ್ತದೆ. ಕ್ಯಾಪ್ಸೈಸಿನ್ ಬಂದು ಕೂತರೆ ಬಿಸಿ ಇಲ್ಲದೆಯೂ ಅದೇ ಬಾಗಿಲು ತೆರೆಯುತ್ತದೆ. ಇದನ್ನು 1997ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಕಂಡುಹಿಡಿದರು. 2021ರ ವೈದ್ಯಕೀಯ ನೊಬೆಲ್ ಅವರಿಗೂ ಆರ್ಡೆಮ್ ಪಟಪೂಟಿಯನ್ ಅವರಿಗೂ ಬಂತು. ಹಕ್ಕಿಗಳಲ್ಲಿಯೂ ಈ ಪ್ರೋಟೀನು ಇದೆ, ಆದರೆ ಅದಕ್ಕೆ ಕ್ಯಾಪ್ಸೈಸಿನ್ ನಾಟುವುದಿಲ್ಲ. ಹಾಗಾಗಿ ಅವು ಮೆಣಸನ್ನು ಆರಾಮವಾಗಿ ನುಂಗುತ್ತವೆ, ಬೀಜವನ್ನು ಹೊಟ್ಟೆಯಲ್ಲಿ ಕೆಡಿಸದೆ ಹಿಕ್ಕೆಯಲ್ಲಿ ಬಿತ್ತುತ್ತವೆ.

ಖಾರ ಇರುವುದು ಬೀಜದಲ್ಲಿ ಎಂದು ತುಂಬ ಜನ ನಂಬಿದ್ದಾರೆ. ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲೇ ಕ್ಯಾಪ್ಸೈಸಿನ್ ತಯಾರಾಗುವುದು. ದೊಡ್ಡ ಹಸಿಮೆಣಸಾದರೆ ಆ ತಿರುಳನ್ನು ಕೆರೆದು ತೆಗೆದು ಖಾರ ಇಳಿಸಬಹುದು. ಜೀರಿಗೆ ಮೆಣಸಿನಲ್ಲಿ ಅದು ಸಾಧ್ಯವೇ ಇಲ್ಲ, ಅಷ್ಟು ಸಣ್ಣದು. ಖಾರವೋ ವಿಪರೀತ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ತಜ್ಞ ಖಾರ ಅಳೆಯುವ ದಾರಿಯೊಂದನ್ನು ಹೇಳಿದ. ಮೆಣಸಿನ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತಾ ಹೋಗಬೇಕು. ಎಷ್ಟು ಪಟ್ಟು ತೆಳುಮಾಡಿದ ಮೇಲೆ ರುಚಿ ನೋಡುವವರಿಗೆ ಖಾರ ಗೊತ್ತಾಗುವುದಿಲ್ಲವೋ ಅದೇ ಲೆಕ್ಕ. ಜೀರಿಗೆ ಮೆಣಸಿನ ಜಾತಿಯವು ಸಾಮಾನ್ಯವಾಗಿ 50,000ದಿಂದ 1,00,000 ಸ್ಕೋವಿಲ್ ತನಕ ಹೋಗುತ್ತವೆ. ಶುದ್ಧ ಕ್ಯಾಪ್ಸೈಸಿನ್ ಆದರೆ 1.6 ಕೋಟಿ.

ಅದಕ್ಕೇ ನಾನು ಪಾನಕಕ್ಕೆ ಜೀರಿಗೆ ಮೆಣಸನ್ನು ಜಜ್ಜಿ ಹಾಕಬೇಡಿ ಎನ್ನುವುದು. ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಎಣ್ಣೆಯಲ್ಲಿ, ಮದ್ಯದಲ್ಲಿ ಚೆನ್ನಾಗಿ ಕರಗುತ್ತದೆ. ಜಜ್ಜಿದ ಮೆಣಸಿನ ಚೂರುಗಳು ರಸದಲ್ಲಿ ಒಂದೇ ಸಮ ಹರಡದೆ ಅಲ್ಲಲ್ಲಿ ಕೂರುತ್ತವೆ. ಒಂದು ಗುಟುಕು ಸಪ್ಪೆ, ಮುಂದಿನದಕ್ಕೆ ಕಣ್ಣಲ್ಲಿ ನೀರು. ಉದ್ದಕ್ಕೆ ಸೀಳಿದ ಎರಡು ಮೆಣಸನ್ನು ರಸಕ್ಕೆ ಹಾಕಿ, ಹತ್ತು ನಿಮಿಷ ಬಿಟ್ಟು, ರುಚಿ ನೋಡಿ ತೆಗೆದುಬಿಡಿ. ಸಾಲದಿದ್ದರೆ ಇನ್ನೂ ಐದು ನಿಮಿಷ. ಎಷ್ಟು ಮೆಣಸು ಅನ್ನುವುದಕ್ಕಿಂತ ಎಷ್ಟು ಹೊತ್ತು ಅನ್ನುವುದೇ ಇಲ್ಲಿ ಮುಖ್ಯ. ಹೀಗೆ ಮಾಡಿದರೆ ಇನ್ನೊಂದು ಲಾಭವೂ ಇದೆ. ಹಸಿಮೆಣಸಿನ ಆ ಹಸಿರು ವಾಸನೆ ಕ್ಯಾಪ್ಸೈಸಿನ್‌ನದ್ದಲ್ಲ. ಅದು ಪೈರಜಿನ್ ಎಂಬ ಬೇರೆ ಗುಂಪಿನ ವಸ್ತುವಿನದು. ದೊಣ್ಣೆಮೆಣಸಿನಲ್ಲೂ ಅದೇ ವಾಸನೆ. ಮೂಗಿಗೆ ಅದು ಅತಿ ಕಡಿಮೆ ಇದ್ದರೂ ಸಾಕು. ಹಾಗಾಗಿ ಖಾರ ಮಿತಿಯಲ್ಲೇ ಇದ್ದು ಪರಿಮಳ ಪೂರ್ತಿ ಸಿಗುತ್ತದೆ.

ರುಚಿ ನೋಡುವವರನ್ನು ಬದಲಿಸುತ್ತಿರಿ. ಬಿಡದೆ ಗುಟುಕರಿಸುತ್ತಾ ಹೋದರೆ ಉರಿ ಒಂದರ ಮೇಲೊಂದು ಏರುತ್ತದೆ. ನಡುವೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರೆ ನರ ಮರಗಟ್ಟಿ ಖಾರ ಕಡಿಮೆ ಅನಿಸುತ್ತದೆ. ಎರಡೂ ದಾರಿ ತಪ್ಪಿಸುತ್ತವೆ. ಹೊಸ ನಾಲಗೆ ಹೇಳಿದ್ದೇ ಸರಿ.

ಈಗ ಬೆರೆಸುವುದು. ತಿಳಿ ಮಾಡಿದ ಗೇರುಹಣ್ಣಿನ ರಸ ಎರಡು ಪಾಲು, ಅನಾನಸಿನ ರಸ ಒಂದು ಪಾಲು, ಲಿಂಬೆ ಬೇಕಾದಷ್ಟು. ಅನಾನಸು ಪ್ರೋಟೀನು ಕತ್ತರಿಸುವ ಹಣ್ಣು. ಅದರ ಬ್ರೊಮೆಲೈನ್ ಎಂಬ ಕಿಣ್ವ ನಾಲಗೆಯ ಮೇಲೂ ಕೆಲಸ ಮಾಡುತ್ತದೆ, ಜಾಸ್ತಿ ತಿಂದಾಗ ಬಾಯಿ ಚುಮುಗುಟ್ಟುವುದಕ್ಕೆ ಅದೂ ಒಂದು ಕಾರಣ. ಮೆಣಸಿನ ಉರಿಯ ಮೇಲೆ ಅದೂ ಸೇರಿದರೆ ಕೆಲವರಿಗೆ ತಡೆಯುವುದಿಲ್ಲ. ಅಂಥವರಿಗೆ ಅನಾನಸಿನ ರಸವನ್ನು ಒಂದು ಕುದಿ ಬರಿಸಿ ಆರಿಸಿ ಹಾಕಿ. ಬಿಸಿಗೆ ಕಿಣ್ವ ಕೆಡುತ್ತದೆ. ಬಣ್ಣ ಬೇಕಿದ್ದರೆ ಒಂದು ಚಮಚ ಪುನರ್ಪುಳಿ ರಸ.

ಉಪ್ಪು ಮರೆಯಬೇಡಿ. ಪೇರಳೆಗೆ, ಮಾವಿನಕಾಯಿಗೆ ಉಪ್ಪುಮೆಣಸು ಹಚ್ಚಿ ತಿಂದು ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಕಾರಣ ಚೆನ್ನಾಗಿದೆ. ಉಪ್ಪಿನ ಸೋಡಿಯಂ ಕಹಿಯನ್ನು ಅಡಗಿಸುತ್ತದೆ. ಕಹಿ ಅಡಗಿದಾಗ ಅದರ ಕೆಳಗೆ ಸಿಕ್ಕಿಕೊಂಡಿದ್ದ ಸಿಹಿ ಮೇಲೆ ಬರುತ್ತದೆ. ಫಿಲಡೆಲ್ಫಿಯಾದಲ್ಲಿ ರುಚಿ, ವಾಸನೆಗಳ ಅಧ್ಯಯನ ಮಾಡುವ ಮೋನೆಲ್ ಕೇಂದ್ರದ ಬ್ರೆಸ್ಲಿನ್ ಮತ್ತು ಬ್ಯೂಶಾಂಪ್ 1997ರಲ್ಲಿ ಇದನ್ನು ತೋರಿಸಿಕೊಟ್ಟರು. ಒಂದು ಚಿಟಿಕೆ ಉಪ್ಪು ಬಿದ್ದರೆ ಸಕ್ಕರೆಯನ್ನು ಅಷ್ಟು ಕಡಿಮೆ ಮಾಡಬಹುದು.

ಐಸಿನ ವಿಷಯಕ್ಕೆ ಬಂದಾಗಲೇ ಹೆಚ್ಚಿನವರ ಲೆಕ್ಕ ತಪ್ಪುವುದು. ಒಂದು ಗ್ರಾಂ ಐಸು ಕರಗಲು 80 ಕ್ಯಾಲೊರಿ ಶಾಖ ಬೇಕು. ಮಧ್ಯಾಹ್ನದ 30 ಡಿಗ್ರಿಯ 200 ಮಿಲಿಲೀಟರ್ ರಸವನ್ನು ಸೊನ್ನೆ ಡಿಗ್ರಿಯ ಹತ್ತಿರ ತರಲು ಸುಮಾರು 6,000 ಕ್ಯಾಲೊರಿ ತೆಗೆಯಬೇಕು. ಅಂದರೆ 75 ಗ್ರಾಂ ಐಸು ಕರಗಬೇಕು. 200 ಇದ್ದದ್ದು 275 ಆಯಿತು, ಕಾಲು ಭಾಗಕ್ಕಿಂತ ಜಾಸ್ತಿ ಬರೀ ನೀರು! ಕುಲುಕಿದರೆ ಐಸು ಬೇಗ ಕರಗಿ ಬೇಗ ತಂಪಾಗುತ್ತದೆ. ಆದರೆ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾಗದು.

ಜೊತೆಗೆ ತಂಪು ನಾಲಗೆಯನ್ನೂ ಬದಲಿಸುತ್ತದೆ. ಸಿಹಿಯನ್ನು ಮುಂದಕ್ಕೆ ಕಳಿಸುವ ಟಿಆರ್‌ಪಿಎಂ5 ಎಂಬ ಇನ್ನೊಂದು ಬಾಗಿಲು ತಂಪಿನಲ್ಲಿ ಮಂದವಾಗುತ್ತದೆ. ಕರಗಿದ ಐಸ್‌ಕ್ರೀಮು ಅತಿಸಿಹಿ ಅನಿಸುವುದು ಇದರಿಂದಲೇ. ಖಾರದ ಬಾಗಿಲಿಗೂ ತಂಪು ಅಡ್ಡಬರುತ್ತದೆ. ಹಾಗಾಗಿ ಐಸು ಹಾಕಿದ ಲೋಟದ ಮೊದಲ ಗುಟುಕಿನಲ್ಲಿ ಖಾರವೇ ಇಲ್ಲ ಅನಿಸುತ್ತದೆ. ನುಂಗಿದ ಮೇಲೆ ಬಾಯಿ ಮತ್ತೆ 37 ಡಿಗ್ರಿಯತ್ತ ಏರುತ್ತದೆ, ಆಗ ಉರಿ ಎದ್ದು ಬರುತ್ತದೆ. ಉರಿ ಎದ್ದಾಗ ಮತ್ತೊಂದು ತಂಪು ಗುಟುಕು ಬೇಕನಿಸುತ್ತದೆ. ಖಾರದ ತಂಪು ಪಾನಕದ ಸೊಗಸೆಲ್ಲ ಈ ತಡದಲ್ಲೇ ಇರುವುದು. ಆದ್ದರಿಂದ ರಸವನ್ನು ಐಸಿಲ್ಲದೆ ರುಚಿ ನೋಡುವಾಗ ಸಿಹಿ, ಹುಳಿ ಸ್ವಲ್ಪ ಮುಂದಿರಲಿ. ಖಾರದ ತೀರ್ಮಾನ ಮಾತ್ರ ಐಸು ಹಾಕಿ, ನುಂಗಿ, ಅರ್ಧ ನಿಮಿಷ ಕಾದ ಮೇಲೆ.

ಖಾರ ಮಿತಿ ಮೀರಿತೋ? ನೀರು ಕುಡಿದರೆ ಕ್ಷಣದ ತಂಪು ಅಷ್ಟೇ. ಸಕ್ಕರೆ ಕೆಲಸ ಮಾಡುತ್ತದೆ. ಹಾಲು, ಮಜ್ಜಿಗೆ ಇನ್ನೂ ಚೆನ್ನ. ಪಾನಕವನ್ನೇ ಸರಿಪಡಿಸಬೇಕಿದ್ದರೆ ಕೊನೆಯಲ್ಲಿ ಎರಡು ಚಮಚ ದಪ್ಪ ತೆಂಗಿನಹಾಲು ಹಾಕಿ ಕುಲುಕಿ. ಅದರ ಕೊಬ್ಬು ಕ್ಯಾಪ್ಸೈಸಿನ್ ಹಿಡಿದುಕೊಳ್ಳುತ್ತದೆ. 1916ರಿಂದಲೂ ತೆಂಗಿನ ಸಂಶೋಧನಾ ಕೇಂದ್ರ ಇರುವ ಊರು ನಮ್ಮದು, ಮನೆಯಲ್ಲಿ ಒಂದು ಕಾಯಿ ಸಿಗದಿರುತ್ತದೆಯೇ! ಹಸುವಿನ ಹಾಲನ್ನು ಮಾತ್ರ ಇದಕ್ಕೆ ಹಾಕಬೇಡಿ. ಲಿಂಬೆಗೆ ಒಡೆಯುತ್ತದೆ, ಹಸಿ ಅನಾನಸಿಗೆ ಕಹಿಯಾಗುತ್ತದೆ.

ಮದ್ಯ ಸೇರಿಸಿದರೆ ಖಾರ ತಗ್ಗೀತು ಎಂದುಕೊಂಡವರೂ ಇದ್ದಾರೆ. ಆಗುವುದು ಉಲ್ಟಾ. ಮದ್ಯವೂ ಟಿಆರ್‌ಪಿವಿ1 ಬಾಗಿಲನ್ನು ತಟ್ಟುತ್ತದೆ, ಅದು ತೆರೆಯುವ ಮಟ್ಟವನ್ನು ಸುಮಾರು 42ರಿಂದ 34 ಡಿಗ್ರಿಗೆ ಇಳಿಸುತ್ತದೆ ಎಂದು 2002ರ ಅಧ್ಯಯನವೊಂದು ತೋರಿಸಿದೆ. ನಮ್ಮ ಮೈಬಿಸಿಯೇ 37. ಹೀಗಾಗಿ ಉರಿಗೆ ಉರಿ ಸೇರುತ್ತದೆ.

ಮೆಣಸು ಒಗ್ಗದವರಿಗೆ ಕಾಳುಮೆಣಸಿದೆ. ಗೇರು, ಅನಾನಸು, ಮೆಣಸು ಮೂರೂ ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದವು. ಅದಕ್ಕೂ ಮುಂಚೆ ಈ ಕರಾವಳಿಯ ಖಾರ ಕಾಳುಮೆಣಸಿನದೇ. ಅದರ ಪೈಪೆರಿನ್ ಕೂಡ ಅದೇ ಬಾಗಿಲನ್ನು ತೆರೆಯುತ್ತದೆ, ಆದರೆ ಎಷ್ಟೋ ಮೆತ್ತಗೆ. ಪೈಪೆರಿನನ್ನು 1819ರಲ್ಲಿ ಬೇರ್ಪಡಿಸಿದವರು ಡೆನ್ಮಾರ್ಕಿನ ಅರ್ಸ್ಟೆಡ್. ವಿದ್ಯುತ್ತಿಗೂ ಕಾಂತಕ್ಕೂ ನಂಟಿದೆ ಎಂದು ಮರುವರ್ಷ ತೋರಿಸಿದವರೂ ಅವರೇ. ಹೊಸದಾಗಿ ಕುಟ್ಟಿದ ನಾಲ್ಕು ಕಾಳು ಒಂದು ಲೋಟಕ್ಕೆ ಸಾಕು. ಮಕ್ಕಳಿಗೂ ವಯಸ್ಸಾದವರಿಗೂ ನಾನು ಇದನ್ನೇ ಹೇಳುತ್ತೇನೆ.

ಗೇರುಹಣ್ಣು ಬಿದ್ದ ದಿನವೇ ಹಿಂಡಬೇಕು. ರಸವನ್ನು ಹೊರಗೆ ಇಟ್ಟರೆ ಬೇಗ ಹುಳಿಯುತ್ತದೆ. ತಿಳಿ ಮಾಡಿದ ರಸ ಹೆಚ್ಚಿದ್ದರೆ ಮೆಣಸು ಸೇರಿಸದೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಡಿ. ಪಾನಕಕ್ಕೆ ನೀರಿನ ಐಸಿನ ಬದಲು ಇದನ್ನೇ ಹಾಕಿ ಕುಲುಕಿದರೆ, ಆ 75 ಗ್ರಾಂ ಕರಗಿದಾಗ ಸೇರುವುದು ನೀರಲ್ಲ, ಗೇರುಹಣ್ಣಿನ ರಸ.