ನೆಲಸಮವಾದ ಮನೆಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ

ನಗರಗಳಲ್ಲಿ ಎಷ್ಟು ಮನೆಗಳು ಮಂಜೂರಾದವು, ಎಷ್ಟು ಪೂರ್ಣಗೊಂಡವು ಎಂಬುದನ್ನು ನಮ್ಮ ಸರ್ಕಾರಗಳು ಮುತುವರ್ಜಿಯಿಂದ ಪ್ರಕಟಿಸುತ್ತವೆ. ಅದೇ ಅವಧಿಯಲ್ಲಿ ಕೆಡವಿದ ಮನೆಗಳೆಷ್ಟು ಎಂಬುದಕ್ಕೆ ಮಾತ್ರ ರಾಷ್ಟ್ರಮಟ್ಟದ ಅಧಿಕೃತ ಲೆಕ್ಕವಿಲ್ಲ. ಇಂಗ್ಲೆಂಡಿನಲ್ಲಿ ಪ್ರತಿವರ್ಷ ಹೊಸದಾಗಿ ಸೇರಿದ ಮನೆಗಳಿಂದ ಕೆಡವಿದವುಗಳನ್ನು ಕಳೆದು ನಿವ್ವಳ ಹೆಚ್ಚಳವನ್ನು ಪ್ರಕಟಿಸುತ್ತಾರೆ. ಕೂಡುವುದಷ್ಟೇ ಇದ್ದು ಕಳೆಯುವುದು ಇಲ್ಲದ ಲೆಕ್ಕದಿಂದ ವಸತಿ ಪೂರೈಕೆಯ ನಿಜಸ್ಥಿತಿ ತಿಳಿಯದು.

ಇಲ್ಲಿ ಇಂಥ ಎಣಿಕೆ ಒಮ್ಮೆ ನಡೆದದ್ದು ಸರ್ಕಾರ ಬದಲಾದ ಮೇಲೆ. ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಲು 1977ರಲ್ಲಿ ನೇಮಕಗೊಂಡ ಶಾ ಆಯೋಗವು, ಆ ಅವಧಿಯಲ್ಲಿ ದೆಹಲಿಯೊಂದರಲ್ಲೇ ಸುಮಾರು ಒಂದೂವರೆ ಲಕ್ಷ ಕಟ್ಟಡಗಳನ್ನು ಕೆಡವಲಾಗಿತ್ತೆಂದು ದಾಖಲಿಸಿತು. ಮುಂಬಯಿಯ ಪಾದಚಾರಿ ಮಾರ್ಗಗಳ ನಿವಾಸಿಗಳ ಕುರಿತ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ 1985ರಲ್ಲಿ ಸುಪ್ರೀಂ ಕೋರ್ಟ್, ಜೀವನೋಪಾಯವೂ ಬದುಕುವ ಹಕ್ಕಿನ ಭಾಗವೆಂದು ಒಪ್ಪಿತು. ಆದರೂ ತೆರವನ್ನು ತಡೆಯಲಿಲ್ಲ. 1976ರ ಗಣತಿಯಲ್ಲಿ ಗುರುತಿನ ಚೀಟಿ ಪಡೆದಿದ್ದವರಿಗೆ ಬದಲಿ ಜಾಗ ಕೊಡಬೇಕೆಂದಿತು. ಎಣಿಕೆಗೆ ಸಿಕ್ಕವರಿಗೆ ಒಂದು ನೆಲೆ, ಸಿಗದವರಿಗೆ ಬೀದಿ ಎಂಬ ಸ್ಥಿತಿ ಅಂದಿನಿಂದ ಹೆಚ್ಚೇನೂ ಬದಲಾಗಿಲ್ಲ.

ಸರ್ಕಾರ ಬಿಟ್ಟ ಈ ಕೆಲಸವನ್ನು ದೆಹಲಿಯ ಹೌಸಿಂಗ್ ಅಂಡ್ ಲ್ಯಾಂಡ್ ರೈಟ್ಸ್ ನೆಟ್‌ವರ್ಕ್ ಸಂಸ್ಥೆ ವರ್ಷಗಳಿಂದ ಮಾಡುತ್ತಿದೆ. 2017ರಲ್ಲಿ 53,700ಕ್ಕೂ ಹೆಚ್ಚು ಮನೆಗಳು ನೆಲಸಮವಾದವೆಂದು ಅದರ ವರದಿ ಹೇಳಿತ್ತು. 2022ರಲ್ಲಿ ಆ ಸಂಖ್ಯೆ 46,371, 2023ರಲ್ಲಿ 1,07,449. ಈ ಎರಡು ವರ್ಷಗಳಲ್ಲಿ ನೆಲೆ ಕಳೆದುಕೊಂಡವರು 7.38 ಲಕ್ಷ ಜನ. ಪತ್ರಿಕಾ ವರದಿ, ಮಾಹಿತಿ ಹಕ್ಕು ಅರ್ಜಿ ಮತ್ತು ಸ್ಥಳ ಅಧ್ಯಯನಗಳಿಂದ ಕೂಡಿಸಿದ ಈ ಅಂಕಿಗಳನ್ನು ಕನಿಷ್ಠ ಪ್ರಮಾಣವೆಂದೇ ಓದಬೇಕು. ಸುದ್ದಿಯಾಗದ ಗುಡಿಸಲುಗಳು ಇದರಲ್ಲಿ ಸೇರಿಲ್ಲ.

ಪೂರೈಕೆಯ ಮೇಲಿನ ಪರಿಣಾಮ ಎಲ್ಲ ಕಡೆ ಒಂದೇ ಅಲ್ಲ. ಹಳೆಯ ಒಂಟಿ ಮನೆಯನ್ನು ಕೆಡವಿ ನಾಲ್ಕು ಮಹಡಿ ಎಬ್ಬಿಸಿದರೆ ಮನೆಗಳು ಹೆಚ್ಚುತ್ತವೆ. ಕೊಳೆಗೇರಿಯನ್ನು ತೆರವುಗೊಳಿಸಿದಾಗ, ನಗರದೊಳಗೆ ಕಡಿಮೆ ಬಾಡಿಗೆಗೆ ದೊರೆಯುತ್ತಿದ್ದ ಮನೆಗಳೇ ಇಲ್ಲವಾಗುತ್ತವೆ. ಹೊರಬಿದ್ದ ಕುಟುಂಬಗಳು ಕೆಲಸದ ಜಾಗ ಬಿಟ್ಟು ದೂರ ಹೋಗಲಾರದೆ ಬಂಧುಗಳ ಒಂದು ಕೋಣೆಯಲ್ಲಿ ಸೇರಿಕೊಳ್ಳುತ್ತವೆ. ಕೇಂದ್ರದ ತಾಂತ್ರಿಕ ತಂಡವು 2012ರಲ್ಲಿ ಅಂದಾಜಿಸಿದ 1.878 ಕೋಟಿ ನಗರ ಮನೆಗಳ ಕೊರತೆಯಲ್ಲಿ ಸುಮಾರು 1.5 ಕೋಟಿಯಷ್ಟು ಇಕ್ಕಟ್ಟಿನ ವಾಸಕ್ಕೆ ಸಂಬಂಧಿಸಿದ್ದಾಗಿತ್ತು. ತೀರಾ ಸೂರಿಲ್ಲದವರ ಪಾಲು 5.3 ಲಕ್ಷ ಮಾತ್ರ. ಕೊರತೆಯ ಶೇ. 95ಕ್ಕೂ ಹೆಚ್ಚು ಭಾಗ ಬಡ ಮತ್ತು ಕಡಿಮೆ ಆದಾಯದ ಕುಟುಂಬಗಳದ್ದು. ತೆರವಿನ ಗಾಯದ ಒಂದು ಪಾಲು ಈ 'ಇಕ್ಕಟ್ಟು' ಎಂಬ ಶೀರ್ಷಿಕೆಯಡಿ ಮರೆಯಾಗಿದೆ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನ ಈಜಿಪುರವನ್ನು ನೋಡಬಹುದು. ಆರ್ಥಿಕವಾಗಿ ಹಿಂದುಳಿದವರಿಗೆಂದು ಪಾಲಿಕೆಯೇ ಕಟ್ಟಿಸಿದ ಸುಮಾರು 1,500 ಕ್ವಾರ್ಟರ್ಸ್‌ಗಳಲ್ಲಿ ಕೆಲವು ಕಳಪೆ ಕಾಮಗಾರಿಯಿಂದ ಕುಸಿದವು. ಬಳಿಕ ಜಾಗದ ಅರ್ಧವನ್ನು ಖಾಸಗಿಯವರಿಗೆ ವಾಣಿಜ್ಯ ಬಳಕೆಗೆ ಕೊಟ್ಟು, ಉಳಿದರ್ಧದಲ್ಲಿ ಹೊಸ ಮನೆ ಕಟ್ಟುವ ಒಪ್ಪಂದವಾಯಿತು. ತಗಡಿನ ಶೆಡ್ಡುಗಳಲ್ಲಿ ಉಳಿದಿದ್ದ ಕುಟುಂಬಗಳನ್ನು 2013ರ ಜನವರಿಯಲ್ಲಿ ಎಬ್ಬಿಸಲಾಯಿತು. ಪಾಲಿಕೆ ಕಟ್ಟಿಕೊಟ್ಟ ಮನೆ ಎಂಬ ದಾಖಲೆಯಿದ್ದವರಿಗೇ ಹೀಗಾದರೆ, ದಾಖಲೆಯಿಲ್ಲದವರ ಗತಿಯನ್ನು ವಿವರಿಸಬೇಕಿಲ್ಲ.

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್, ಕೆಡವುವ ಮುನ್ನ 15 ದಿನಗಳ ನೋಟಿಸ್ ಕಡ್ಡಾಯವೆಂದಿತು. ಕಾರ್ಯಾಚರಣೆಯ ವಿಡಿಯೊ ಇರಬೇಕು, ನೋಟಿಸ್ ಮತ್ತು ಆದೇಶಗಳು ಸ್ಥಳೀಯ ಸಂಸ್ಥೆಯ ಡಿಜಿಟಲ್ ಪೋರ್ಟಲ್‌ನಲ್ಲಿ ಸಿಗಬೇಕು ಎಂದೂ ಹೇಳಿತು. ಸರ್ಕಾರವೇ ಇಡುವ ದಾಖಲೆಗೆ ಇದು ಅಡಿಪಾಯವಾಗಬಲ್ಲದು. ಆದರೆ ರಸ್ತೆ, ಪಾದಚಾರಿ ಮಾರ್ಗ, ರೈಲುಹಳಿ ಮತ್ತು ಜಲಮೂಲಗಳಂಥ ಸಾರ್ವಜನಿಕ ಜಾಗದ ಅನಧಿಕೃತ ಕಟ್ಟಡಗಳಿಗೂ, ನ್ಯಾಯಾಲಯವೇ ತೆರವಿಗೆ ಆದೇಶಿಸಿದ ಪ್ರಕರಣಗಳಿಗೂ ಈ ನಿಯಮಗಳು ಅನ್ವಯಿಸುವುದಿಲ್ಲ. ನಗರದ ಬಡವರಲ್ಲಿ ಬಹಳಷ್ಟು ಜನ ಮನೆ ಕಟ್ಟಿಕೊಂಡಿರುವುದು ಇಂಥ ಜಾಗಗಳಲ್ಲೇ. ನೋಟಿಸಿಗೆ ವಿನಾಯಿತಿ ಇರಲಿ, ಎಣಿಕೆಗೆ ವಿನಾಯಿತಿ ಬೇಕಿಲ್ಲ: ಕೆಡವಿದ ಪ್ರತಿ ಮನೆ, ಅದರಲ್ಲಿದ್ದ ಕುಟುಂಬ, ಅದು ಹೋಗಿ ಸೇರಿದ ಸ್ಥಳವನ್ನು ಪಾಲಿಕೆಗಳು ಅದೇ ಪೋರ್ಟಲ್‌ನಲ್ಲಿ ದಾಖಲಿಸಲು ಯಾವ ಕಾನೂನೂ ಅಡ್ಡಿಯಾಗಿಲ್ಲ.